ಹೊಸ ಆವೃತ್ತಿ ಹಾಕಿದರೂ ಹಳೆಯದೇ ಓಡುತ್ತಿದ್ದರೆ: ಪ್ರೋಗ್ರಾಮಿಂಗ್ ಭಾಷೆಗಳ ಆವೃತ್ತಿ ಬದಲಾವಣೆಯ ದೋಷ ನಿವಾರಣೆ

ಒಂದೇ ಕಂಪ್ಯೂಟರಿನಲ್ಲಿ ಪೈಥಾನ್ 3.9 ಮತ್ತು 3.12, ಜಾವಾ 8 ಮತ್ತು 17, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 18 ಮತ್ತು 20 ಒಟ್ಟಿಗೆ ಇರುವುದು ದೋಷವಲ್ಲ. ಹಳೆಯ ಪ್ರಾಜೆಕ್ಟು ಹಳೆಯ ಆವೃತ್ತಿಯನ್ನೇ ಬೇಡುತ್ತದೆ, ಹೊಸ ಪ್ರಾಜೆಕ್ಟು ಹೊಸದನ್ನು ಬೇಡುತ್ತದೆ. ಎರಡನ್ನೂ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ನಾವು ‘ಪೈಥಾನ್’ ಎಂದು ಟೈಪ್ ಮಾಡಿದಾಗ ಯಾವ ಫೈಲ್ ಓಡಬೇಕೆಂಬ ತೀರ್ಮಾನವು ನಮ್ಮ ಕಣ್ಣಿಗೆ ಬೀಳದ ಕಡೆ ಆಗಿಹೋದಾಗ ತೊಂದರೆ ಶುರುವಾಗುತ್ತದೆ. ಆದ್ದರಿಂದ ಈ ಕೈಪಿಡಿಯ ಉದ್ದಕ್ಕೂ ಕೇಳುವ ಪ್ರಶ್ನೆಗಳು ಎರಡೇ: ಈಗ ಓಡಿದ ಫೈಲ್ ಯಾವುದು, ಅದನ್ನು ಆರಿಸಿದ್ದು ಯಾರು?

ಈ ಎರಡಕ್ಕೂ ಉತ್ತರ ಸಿಗುವ ಮೊದಲು ಏನನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಡಿ, ಏನನ್ನೂ ಅಳಿಸಬೇಡಿ. ಮರು ಇನ್‌ಸ್ಟಾಲ್ ಮಾಡುವುದೆಂದರೆ, ಒಂದೇ ಹೆಸರಿಗೆ ಓಗೊಡಲು ಈಗಾಗಲೇ ಸಾಲುಗಟ್ಟಿ ನಿಂತವರ ನಡುವೆ ಇನ್ನೊಬ್ಬರನ್ನು ತಂದು ನಿಲ್ಲಿಸಿದಂತೆ. ಹಾಗೆ ಮಾಡಿದಾಗ ಎಷ್ಟೋ ಸಲ ಮೂಲ ದೋಷ ಉಳಿದು, ಅದರ ಲಕ್ಷಣ ಮಾತ್ರ ಬದಲಾಗುತ್ತದೆ. ಮುಂದೆ ಅದನ್ನು ಹುಡುಕುವುದು ಇನ್ನಷ್ಟು ಕಷ್ಟ.

ಇಲ್ಲಿ ಆಜ್ಞೆಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಅವುಗಳನ್ನು ರೋಮನ್ ಲಿಪಿಯಲ್ಲಿಯೇ ಟೈಪ್ ಮಾಡಬೇಕು. ‘ಪಾತ್’ ಮತ್ತು ‘ಜಾವಾ_ಹೋಮ್’ನಂತಹ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಪ್ರೋಗ್ರಾಮುಗಳು ಓದಿಕೊಳ್ಳುವ ಸೆಟ್ಟಿಂಗ್‌ಗಳ) ಹೆಸರುಗಳು ದೊಡ್ಡಕ್ಷರಗಳಲ್ಲಿರುತ್ತವೆ, ಉಳಿದ ಆಜ್ಞೆಗಳು ಬಹುಮಟ್ಟಿಗೆ ಸಣ್ಣಕ್ಷರಗಳಲ್ಲಿ.

ಲಕ್ಷಣ: ಹೊಸದನ್ನು ಹಾಕಿದ ಮೇಲೂ ಹಳೆಯ ಆವೃತ್ತಿಯ ಸಂಖ್ಯೆಯೇ ಬರುತ್ತದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವ ಲಕ್ಷಣ ಇದೇ. ಇನ್‌ಸ್ಟಾಲ್ ಯಶಸ್ವಿಯಾಯಿತೆಂಬ ಸಂದೇಶ ಬಂದಿರುತ್ತದೆ, ಆದರೆ ‘ಪೈಥಾನ್ --ವರ್ಶನ್’ ಎಂದು ಕೇಳಿದರೆ ಹಳೆಯ ಸಂಖ್ಯೆಯೇ ಎದುರಾಗುತ್ತದೆ. ಮೊದಲು ಸಂಖ್ಯೆಯನ್ನೇ ಸರಿಯಾಗಿ ಓದಿ. ಆವೃತ್ತಿಗಳಲ್ಲಿ ಚುಕ್ಕೆಯು ದಶಮಾಂಶ ಬಿಂದುವಲ್ಲ, 3.10 ಎಂಬುದು 3.9ರ ನಂತರ ಬರುವ ಹೊಸ ಆವೃತ್ತಿ, 3.1ಕ್ಕೆ ಇನ್ನೊಂದು ಹೆಸರಲ್ಲ. ಆಮೇಲೆ ಟರ್ಮಿನಲ್ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆದು ನೋಡಿ. ತೆರೆದಿರುವ ಕಿಟಕಿಯು ತಾನು ಶುರುವಾದ ಹೊತ್ತಿನ ಸೆಟ್ಟಿಂಗ್‌ಗಳನ್ನೇ ಹಿಡಿದುಕೊಂಡಿರುತ್ತದೆ; ವಿಂಡೋಸ್‌ನಲ್ಲಂತೂ ಆಮೇಲೆ ಮಾಡಿದ ಬದಲಾವಣೆ ಹಳೆಯ ಕಿಟಕಿಗೆ ತಲುಪುವುದೇ ಇಲ್ಲ.

ಹೊಸ ಕಿಟಕಿಯಲ್ಲಿಯೂ ಹಳೆಯದೇ ಬಂದರೆ ಅಭ್ಯರ್ಥಿಗಳ ಪಟ್ಟಿಯನ್ನು ತರಿಸಿಕೊಳ್ಳಬೇಕು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಟೈಪ್ -ಎ ಪೈಥಾನ್3’ ಎಂಬ ಆಜ್ಞೆಯು ಆ ಹೆಸರಿಗೆ ಓಗೊಡಬಲ್ಲ ಎಲ್ಲವನ್ನೂ, ಹುಡುಕಾಟದ ಕ್ರಮದಲ್ಲಿಯೇ ತೋರಿಸುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಪೈಥಾನ್’ ಎಂಬುದು ಅದೇ ಕೆಲಸ ಮಾಡುತ್ತದೆ. ಪವರ್‌ಶೆಲ್ ಬಳಸುವವರು ಒಂದನ್ನು ಗಮನಿಸಬೇಕು: ಅಲ್ಲಿ ‘ವೇರ್’ ಎಂಬ ಹೆಸರು ಬೇರೊಂದು ಆಜ್ಞೆಗೆ ಮೀಸಲಾಗಿರುವುದರಿಂದ ಪರದೆಯಲ್ಲಿ ಏನೂ ಮೂಡುವುದಿಲ್ಲ, ನೋಡಿದವರು ಪೈಥಾನೇ ಇಲ್ಲವೆಂದು ತಿಳಿದುಬಿಡುತ್ತಾರೆ. ಅಲ್ಲಿ ‘ವೇರ್.ಇಎಕ್ಸ್ಇ ಪೈಥಾನ್’ ಎಂದು ಪೂರ್ತಿ ಹೆಸರು ಕೊಡಬೇಕು.

ಪಟ್ಟಿಯಲ್ಲಿ ಮೊದಲನೆಯದು ಹಳೆಯದಾಗಿದ್ದು, ಹೊಸದು ಅದರ ಕೆಳಗಿದ್ದರೆ ಇನ್‌ಸ್ಟಾಲ್‌ನಲ್ಲಿ ತಪ್ಪೇನೂ ಆಗಿಲ್ಲ. ಸರದಿ ಮಾತ್ರ ತಪ್ಪಿದೆ. ‘ಪಾತ್’ ಎಂಬ ವೇರಿಯಬಲ್‌ನಲ್ಲಿ ಫೋಲ್ಡರುಗಳ ಹೆಸರುಗಳು ಒಂದರ ಮುಂದೊಂದು ಇರುತ್ತವೆ. ಕಂಪ್ಯೂಟರು ಅವುಗಳನ್ನು ಎಡದಿಂದ ಬಲಕ್ಕೆ ಹುಡುಕುತ್ತ ಹೋಗಿ, ಮೊದಲು ಸಿಕ್ಕಿದ್ದನ್ನು ಓಡಿಸಿ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಇನ್ನೂ ಹೊಸದೊಂದು ಇದೆಯೇ ಎಂದು ನೋಡುವುದಿಲ್ಲ. ಹೊಸ ಆವೃತ್ತಿಯ ಫೋಲ್ಡರನ್ನು ಹಳೆಯದರ ಮುಂದಕ್ಕೆ ತಂದರೆ ಸಾಕು. ಹಳೆಯದನ್ನು ಅಳಿಸುವ ಅಗತ್ಯವಿಲ್ಲ.

ವಿಂಡೋಸ್‌ನಲ್ಲಿ ಪಾತ್ ಎರಡು ತುಂಡುಗಳಲ್ಲಿರುತ್ತದೆ: ಇಡೀ ಕಂಪ್ಯೂಟರಿಗೆ ಸೇರಿದ್ದು ಒಂದು, ನಿಮ್ಮ ಖಾತೆಗೆ ಸೇರಿದ್ದು ಇನ್ನೊಂದು. ಹುಡುಕಾಟದಲ್ಲಿ ಯಾವಾಗಲೂ ಮೊದಲು ಬರುವುದು ಕಂಪ್ಯೂಟರಿನ ಭಾಗ, ಅನಂತರ ನಿಮ್ಮದು. ಹೀಗಾಗಿ ಎಲ್ಲ ಬಳಕೆದಾರರಿಗಾಗಿ ಹಾಕಿದ ಹಳೆಯ ಆವೃತ್ತಿಯೊಂದು ಅಲ್ಲಿದ್ದರೆ, ನಿಮ್ಮ ಖಾತೆಗೆ ಮಾತ್ರ ಹಾಕಿಕೊಂಡ ಹೊಸ ಆವೃತ್ತಿಯನ್ನು ನಿಮ್ಮ ಪಟ್ಟಿಯ ತುದಿಗೆ ಎಷ್ಟು ಸಲ ಏರಿಸಿದರೂ ಅದು ಗೆಲ್ಲುವುದಿಲ್ಲ. ಬದಲಾವಣೆಯನ್ನು ಕಂಪ್ಯೂಟರಿನ ಭಾಗದಲ್ಲಿಯೇ ಮಾಡಬೇಕು, ಅದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು.

ಇಲ್ಲೊಂದು ಗಂಭೀರ ಎಚ್ಚರಿಕೆ. ‘ಸೆಟ್‌ಎಕ್ಸ್’ ಆಜ್ಞೆಯಿಂದ ಪಾತ್ ತಿದ್ದುವ ಸಲಹೆ ಎಲ್ಲೆಡೆ ಕಾಣಸಿಗುತ್ತದೆ. ಆ ಆಜ್ಞೆ 1024 ಅಕ್ಷರಗಳಿಗಿಂತ ಉದ್ದವಾದ ಮೌಲ್ಯವನ್ನು ಕತ್ತರಿಸಿಯೇ ಉಳಿಸುತ್ತದೆ. ಈಗಿರುವ ಪಾತ್‌ಗೆ ಹೊಸ ಫೋಲ್ಡರನ್ನು ಜೋಡಿಸಿ ಬರೆಯಲು ಅದನ್ನು ಬಳಸಿದರೆ ಬಾಲದಲ್ಲಿದ್ದ ಫೋಲ್ಡರುಗಳು ಹೇಳಹೆಸರಿಲ್ಲದೆ ಹೋಗುತ್ತವೆ, ಕಂಪ್ಯೂಟರಿನ ಭಾಗ ಮತ್ತು ನಿಮ್ಮ ಭಾಗ ಎರಡೂ ಕಲಸಿಹೋಗುತ್ತವೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಕಿಟಕಿಯಲ್ಲಿಯೇ ತಿದ್ದಿ. ತಿದ್ದುವ ಮೊದಲು ಹಳೆಯ ಮೌಲ್ಯವನ್ನು ಪೂರ್ತಿಯಾಗಿ ಒಂದು ಫೈಲಿಗೆ ನಕಲು ಮಾಡಿಟ್ಟುಕೊಳ್ಳಿ. ಅನಾಹುತ ಆಗಿಯೇ ಹೋಗಿದ್ದರೆ, ತಿದ್ದುವ ಮೊದಲೇ ತೆರೆದಿದ್ದ ಯಾವುದಾದರೂ ಕಮಾಂಡ್ ಪ್ರಾಂಪ್ಟ್ ಕಿಟಕಿ ಉಳಿದಿದೆಯೇ ನೋಡಿ, ಅದನ್ನು ಮುಚ್ಚಬೇಡಿ. ಹಳೆಯ ಮೌಲ್ಯ ಅದರಲ್ಲಿ ಇನ್ನೂ ಜೀವಂತವಾಗಿರುತ್ತದೆ. ‘ಪಾತ್’ ಎಂದು ಟೈಪ್ ಮಾಡಿದರೆ ಪೂರ್ತಿ ಸಿಗುತ್ತದೆ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಪಾತ್ ಕೆಟ್ಟು ‘ಎಲ್ಎಸ್’ ಕೂಡ ಓಡದಂತಾದರೆ ಗಾಬರಿಯಾಗಬೇಕಿಲ್ಲ. ‘ಎಕ್ಸ್‌ಪೋರ್ಟ್ ಪಾತ್=/ಯುಎಸ್ಆರ್/ಬಿನ್:/ಬಿನ್’ ಎಂದು ಕೊಟ್ಟರೆ ಆ ಕಿಟಕಿಯ ಮಟ್ಟಿಗೆ ಮೂಲ ಆಜ್ಞೆಗಳು ಮರಳುತ್ತವೆ, ಕೆಟ್ಟ ಸಾಲನ್ನು ತಿದ್ದಲು ಅಷ್ಟು ಸಾಕು.

ಪಟ್ಟಿಯ ಫೈಲುಗಳಲ್ಲಿ ಹೊಸದೇ ಮೊದಲಿದ್ದು, ಆದರೂ ಹಳೆಯದು ಓಡುತ್ತಿದ್ದರೆ ಕಾರಣ ಎರಡರಲ್ಲೊಂದು. ಶೆಲ್ ಎಂದರೆ ಟರ್ಮಿನಲ್ಲಿನಲ್ಲಿ ಕೊಟ್ಟ ಆಜ್ಞೆಯನ್ನು ಓದಿ ಓಡಿಸುವ ಪ್ರೋಗ್ರಾಮು. ಬ್ಯಾಶ್ ಎಂಬ ಶೆಲ್ ಒಮ್ಮೆ ಕಂಡುಕೊಂಡ ಫೈಲಿನ ವಿಳಾಸವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಹುಡುಕದೆ ನೇರವಾಗಿ ಅಲ್ಲಿಗೇ ಹೋಗುತ್ತದೆ. ‘ವಿಚ್’ ಎಂಬ ಪ್ರತ್ಯೇಕ ಪ್ರೋಗ್ರಾಮು ಹೊಸದಾಗಿ ಹುಡುಕಿ ಹೊಸ ವಿಳಾಸ ಹೇಳುತ್ತದೆ, ಶೆಲ್ ಮಾತ್ರ ಹಳೆಯದನ್ನು ಓಡಿಸುತ್ತದೆ. ಹೀಗೆ ಎರಡು ಬಾಯಿ ಎರಡು ಮಾತಾಡಿದಾಗ ‘ಟೈಪ್ ಪೈಥಾನ್3’ ಎಂದು ಕೇಳಿ. ಉತ್ತರದಲ್ಲಿ ‘ಹ್ಯಾಶ್ಡ್’ ಎಂಬ ಪದ ಕಂಡರೆ ಇದೇ ಕಾರಣ. ‘ಹ್ಯಾಶ್ -ಆರ್’ ಆ ನೆನಪನ್ನು ಒರೆಸುತ್ತದೆ. ಝಡ್‌ಶೆಲ್‌ನಲ್ಲಿ ಅದೇ ಕೆಲಸಕ್ಕೆ ‘ರೀಹ್ಯಾಶ್’ ಇದೆ. ಎರಡನೆಯ ಕಾರಣ ಏಲಿಯಾಸ್. ಎಂದೋ ಒಮ್ಮೆ ಅನುಕೂಲಕ್ಕೆಂದು ‘ಪೈಥಾನ್’ ಎಂಬ ಹೆಸರನ್ನು ನಿರ್ದಿಷ್ಟ ಫೈಲಿಗೆ ಕಟ್ಟಿಹಾಕಿದ ಸಾಲೊಂದು ಶೆಲ್‌ನ ಆರಂಭದ ಫೈಲಿನಲ್ಲಿ ಉಳಿದಿದ್ದರೆ, ಪಾತ್ ಏನೇ ಹೇಳಲಿ, ಏಲಿಯಾಸ್‌ನ ಮಾತೇ ನಡೆಯುತ್ತದೆ. ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿಗೆಂದೇ ಪ್ರತ್ಯೇಕವಾಗಿ ಮಾಡಿಕೊಂಡ ಪೈಥಾನ್ ಫೋಲ್ಡರು) ಸಕ್ರಿಯವಾಗಿದ್ದರೂ ಏಲಿಯಾಸನ್ನು ಮೀರಿಸಲಾಗದು. ‘ಟೈಪ್ -ಎ’ ಇದನ್ನು ಮೊದಲ ಸಾಲಿನಲ್ಲೇ ತೋರಿಸುತ್ತದೆ. ‘ಅನ್‌ಏಲಿಯಾಸ್ ಪೈಥಾನ್’ ತಾತ್ಕಾಲಿಕ ಪರಿಹಾರ, ಆರಂಭದ ಫೈಲಿನಿಂದ ಆ ಸಾಲನ್ನು ತೆಗೆಯುವುದು ಶಾಶ್ವತ ಪರಿಹಾರ.

ಲಕ್ಷಣ: ಆಜ್ಞೆಯೇ ಸಿಗಲಿಲ್ಲ ಎನ್ನುತ್ತದೆ, ಅಥವಾ ಆಪ್ ಅಂಗಡಿ ತೆರೆದುಕೊಳ್ಳುತ್ತದೆ

ವಿಂಡೋಸ್‌ನಲ್ಲಿ ‘ಪೈಥಾನ್’ ಎಂದು ಟೈಪ್ ಮಾಡಿದ ಕೂಡಲೇ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ ವೈರಸ್ಸೇನೂ ಬಂದಿಲ್ಲ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟಿನಿಂದೀಚೆಗೆ ಆ ಹೆಸರಿನ ಖಾಲಿ ಫೈಲುಗಳನ್ನು ವಿಂಡೋಸೇ ಇಟ್ಟಿರುತ್ತದೆ. ಅವುಗಳ ಕೆಲಸ ಬಳಕೆದಾರರನ್ನು ಸ್ಟೋರಿಗೆ ಕಳುಹಿಸುವುದು. ‘ವೇರ್ ಪೈಥಾನ್’ ಕೊಟ್ಟಾಗ ‘ವಿಂಡೋಸ್‌ಆಪ್ಸ್’ ಎಂಬ ಫೋಲ್ಡರು ಮೊದಲು ಬಂದರೆ ಇದೇ ಕಾರಣ. ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ವಿಭಾಗದೊಳಗೆ ‘ಆಪ್ ಎಕ್ಸಿಕ್ಯೂಶನ್ ಏಲಿಯಾಸಸ್’ ಎಂಬ ಪುಟವಿದೆ. ಅಲ್ಲಿ ಪೈಥಾನ್ ಮತ್ತು ಪೈಥಾನ್3 ಎರಡರ ಗುಂಡಿಗಳನ್ನೂ ಆಫ್ ಮಾಡಿ. ಆಮೇಲೆ ‘ಸಿಗಲಿಲ್ಲ’ ಎಂಬ ಉತ್ತರ ಬಂದರೆ, ಇನ್‌ಸ್ಟಾಲ್ ಮಾಡುವಾಗ ಪಾತ್‌ಗೆ ಸೇರಿಸುವ ಚೌಕಕ್ಕೆ ಗುರುತು ಹಾಕಿಲ್ಲವೆಂದು ಅರ್ಥ. ಆಗಲೂ ‘ಪೈ -0ಪಿ’ ಎಂಬ ಆಜ್ಞೆಯನ್ನು ಒಮ್ಮೆ ಕೊಟ್ಟು ನೋಡಿ: ‘ಪೈ’ ಎಂಬ ಲಾಂಚರ್ ತನಗೆ ಗೊತ್ತಿರುವ ಎಲ್ಲ ಪೈಥಾನ್‌ಗಳನ್ನೂ ಅವುಗಳ ವಿಳಾಸದೊಂದಿಗೆ ಪಟ್ಟಿ ಮಾಡಿ, ತಾನಾಗಿ ಆರಿಸುವುದರ ಮುಂದೆ ನಕ್ಷತ್ರ ಹಾಕುತ್ತದೆ. ‘ಪೈ -3.12’ ಎಂದು ಬರೆದರೆ ಪಾತ್‌ನ ಗೊಡವೆಯೇ ಇಲ್ಲದೆ ಬೇಕಾದ ಆವೃತ್ತಿ ಓಡುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಬಳಸುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ನನಗೆ ಕಂಡಿಲ್ಲ.

ಡೆಬಿಯನ್ ಮತ್ತು ಉಬುಂಟುವಿನ ಹೊಸ ಆವೃತ್ತಿಗಳಲ್ಲಿ ‘ಪೈಥಾನ್’ ಎಂಬ ಬರಿಯ ಹೆಸರು ಬೇಕೆಂದೇ ಇಲ್ಲ, ‘ಪೈಥಾನ್3’ ಮಾತ್ರ ಇದೆ. ಮ್ಯಾಕ್‌ನಲ್ಲಿ 2.7 ಆವೃತ್ತಿಯನ್ನು ಮ್ಯಾಕ್‌ಓಎಸ್ 12.3ರಲ್ಲಿ ತೆಗೆದುಹಾಕಲಾಯಿತು. ಹಳೆಯ ಸ್ಕ್ರಿಪ್ಟುಗಳು ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಗಲು ಹೀಗೆ ಹೆಸರು ಕಣ್ಮರೆಯಾದದ್ದೂ ಕಾರಣವಾಗಿರಬಹುದು.

ಲಕ್ಷಣ: ಈ ಕಿಟಕಿಯಲ್ಲಿ ಸರಿಯಿದೆ, ಹೊಸ ಕಿಟಕಿ ತೆರೆದರೆ ಮತ್ತೆ ಹಳೆಯದು

ಬದಲಾವಣೆ ಆಗಿದೆ, ಉಳಿದಿಲ್ಲ. ನೋಡ್ ಆವೃತ್ತಿಗಳನ್ನು ನಿರ್ವಹಿಸುವ ‘ಎನ್‌ವಿಎಂ’ನಲ್ಲಿ ‘ಎನ್‌ವಿಎಂ ಯೂಸ್ 20’ ಎಂಬುದು ಆ ಒಂದು ಕಿಟಕಿಗೆ ಮಾತ್ರ ಅನ್ವಯಿಸುತ್ತದೆ. ಎಲ್ಲ ಹೊಸ ಕಿಟಕಿಗಳಿಗೂ ಅದೇ ಬೇಕಾದರೆ ‘ಎನ್‌ವಿಎಂ ಏಲಿಯಾಸ್ ಡಿಫಾಲ್ಟ್ 20’ ಎಂದು ಕೊಡಬೇಕು. ಪೈಥಾನ್ ಆವೃತ್ತಿಗಳನ್ನು ನಿರ್ವಹಿಸುವ ಪೈಎನ್ವ್‌ನಲ್ಲಿ ‘ಪೈಎನ್ವ್ ಶೆಲ್’ ಮತ್ತು ‘ಪೈಎನ್ವ್ ಗ್ಲೋಬಲ್’ ನಡುವಿನ ವ್ಯತ್ಯಾಸವೂ ಇದೇ.

ಹೊಸ ಕಿಟಕಿಯಲ್ಲಿ ನಿರ್ವಾಹಕವೇ ಇಲ್ಲವೆಂಬ ಉತ್ತರ ಬಂದರೆ, ಅದನ್ನು ಎಬ್ಬಿಸುವ ಸಾಲುಗಳನ್ನು ಶೆಲ್ ಓದುತ್ತಿಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಹೊಸ ಖಾತೆಗಳಿಗೆ ಬ್ಯಾಶ್ ಬದಲು ಝಡ್‌ಶೆಲ್ ಬಂದಿದೆ. ಹಳೆಯ ಪಾಠಗಳನ್ನು ನೋಡಿ ‘.ಬ್ಯಾಶ್_ಪ್ರೊಫೈಲ್’ನಲ್ಲಿ ಬರೆದ ಸಾಲುಗಳು ಝಡ್‌ಶೆಲ್‌ನ ಕಣ್ಣಿಗೆ ಬೀಳುವುದಿಲ್ಲ; ಅವು ‘.ಝಡ್‌ಎಸ್‌ಎಚ್‌ಆರ್‌ಸಿ’ಯಲ್ಲಿ ಇರಬೇಕು. ಬ್ಯಾಶ್‌ನಲ್ಲಿಯೇ ಲಾಗಿನ್ ಶೆಲ್ ಒಂದು ಫೈಲನ್ನು ಓದುತ್ತದೆ, ಸಾಮಾನ್ಯ ಕಿಟಕಿ ಇನ್ನೊಂದನ್ನು. ‘ಎಕೋ $0’ ಎಂದು ಕೇಳಿ ಯಾವ ಶೆಲ್‌ನಲ್ಲಿದ್ದೇವೆಂದು ಮೊದಲು ತಿಳಿದುಕೊಳ್ಳುವುದು ಉಚಿತ, ಅರ್ಧ ನಿಮಿಷದ ಕೆಲಸ. ಇನ್ನೊಂದು ಮಾತು: ‘ಎನ್‌ವಿಎಂ’ ಒಂದು ಫೈಲಲ್ಲ, ಶೆಲ್‌ನೊಳಗಿನ ಫಂಕ್ಷನ್. ಬ್ಯಾಶ್‌ನಲ್ಲಿ ‘ವಿಚ್ ಎನ್‌ವಿಎಂ’ ಏನನ್ನೂ ಹೇಳದಿದ್ದರೆ ಅದು ಇಲ್ಲವೆಂದಲ್ಲ. ‘ಕಮಾಂಡ್ -ವಿ ಎನ್‌ವಿಎಂ’ ಎಂದು ಪರೀಕ್ಷಿಸಬೇಕು.

ಪ್ರಾಂಪ್ಟ್‌ನ ಮುಂದೆ ಆವರಣದಲ್ಲಿ ‘ಬೇಸ್’ ಎಂಬ ಪದ ತಾನಾಗಿ ಮೂಡುತ್ತಿದ್ದರೆ, ಪೈಥಾನನ್ನೂ ಪ್ಯಾಕೇಜುಗಳನ್ನೂ ನಿರ್ವಹಿಸುವ ಕೋಂಡಾ ಎಂಬ ಸಾಧನ ತನ್ನ ಪೈಥಾನನ್ನು ಪ್ರತಿ ಕಿಟಕಿಯಲ್ಲೂ ಪಾತ್‌ನ ಸಾಲಿನ ಮೊದಲಿಗೆ ತರುತ್ತಿದೆ. ಕೋಂಡಾ ಮತ್ತು ಪೈಎನ್ವ್ ಎರಡನ್ನೂ ಇಟ್ಟುಕೊಂಡವರು, ಆರಂಭದ ಫೈಲಿನಲ್ಲಿ ಯಾವುದರ ಸಾಲು ಕೊನೆಗೆ ಬರುತ್ತದೆಂದು ನೋಡಬೇಕು. ಎರಡೂ ಪಾತ್‌ನ ಮುಂಭಾಗಕ್ಕೇ ತಮ್ಮನ್ನು ಸೇರಿಸಿಕೊಳ್ಳುವುದರಿಂದ ಕೊನೆಗೆ ಓಡಿದ್ದು ಮೊದಲು ನಿಲ್ಲುತ್ತದೆ. ‘ಕೋಂಡಾ ಕಾನ್ಫಿಗ್ --ಸೆಟ್ ಆಟೋ_ಆಕ್ಟಿವೇಟ್_ಬೇಸ್ ಫಾಲ್ಸ್’ ಎಂದರೆ ಕೋಂಡಾ ಕರೆಯುವವರೆಗೂ ಸುಮ್ಮನಿರುತ್ತದೆ.

ಲಕ್ಷಣ: ಒಂದು ಫೋಲ್ಡರಿನೊಳಗೆ ಹೋದಾಗ ಮಾತ್ರ ಆವೃತ್ತಿ ಬದಲಾಗುತ್ತದೆ

ಇದನ್ನು ಅನೇಕರು ದೋಷವೆಂದು ಭಾವಿಸುತ್ತಾರೆ, ಆದರೆ ಬಹುಪಾಲು ಸಲ ಇದು ಉದ್ದೇಶಪೂರ್ವಕ ವರ್ತನೆ. ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ, ಆದ್ದರಿಂದ ಸಾಮಾನ್ಯ ಪಟ್ಟಿಯಲ್ಲಿ ಕಾಣದ ಫೈಲೊಂದು ಕುಳಿತು ತೀರ್ಪು ಕೊಡುತ್ತಿರುತ್ತದೆ: ಪೈಎನ್ವ್‌ಗೆ ‘.ಪೈಥಾನ್-ವರ್ಶನ್’, ರೂಬಿ ಭಾಷೆಯ ಆರ್‌ಬಿಎನ್ವ್‌ಗೆ ‘.ರೂಬಿ-ವರ್ಶನ್’, ಹಲವು ಭಾಷೆಗಳನ್ನು ನಿರ್ವಹಿಸುವ ಎಎಸ್‌ಡಿಎಫ್‌ಗೆ ‘.ಟೂಲ್-ವರ್ಶನ್ಸ್’. ಪೈಎನ್ವ್ ತನ್ನ ತೀರ್ಮಾನವನ್ನು ಒಂದು ಕ್ರಮದಲ್ಲಿ ಮಾಡುತ್ತದೆ. ಮೊದಲು ‘ಪೈಎನ್ವ್_ವರ್ಶನ್’ ಎಂಬ ವೇರಿಯಬಲ್, ಆಮೇಲೆ ಈಗಿರುವ ಫೋಲ್ಡರಿನ ಫೈಲು, ಅದಿಲ್ಲದಿದ್ದರೆ ಒಂದೊಂದೇ ಮೆಟ್ಟಿಲು ಮೇಲಕ್ಕೆ ಹೋಗಿ ತಾಯಿ ಫೋಲ್ಡರುಗಳ ಫೈಲು, ಎಲ್ಲಿಯೂ ಇಲ್ಲದಿದ್ದರೆ ಕೊನೆಗೆ ಗ್ಲೋಬಲ್ ಆವೃತ್ತಿ. ಊಹಿಸುವ ಕಷ್ಟವೇ ಬೇಡ: ‘ಪೈಎನ್ವ್ ವರ್ಶನ್’ ಎಂದು ಕೇಳಿದರೆ ಆವೃತ್ತಿಯ ಜೊತೆಗೆ ಅದನ್ನು ಗೊತ್ತುಮಾಡಿದ ಫೈಲಿನ ವಿಳಾಸವನ್ನೂ ಹೇಳುತ್ತದೆ. ಮೊದಲಲ್ಲಿ ಕೇಳಿದ ಎರಡನೆಯ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಕೊಡುವ ಸಾಧನಗಳು ಕಡಿಮೆ. ರಸ್ಟ್ ಭಾಷೆಯ ‘ರಸ್ಟ್‌ಅಪ್ ಶೋ’ ಅಂಥದ್ದೇ ಇನ್ನೊಂದು.

ಗ್ಲೋಬಲ್ ಆವೃತ್ತಿಯನ್ನು ಎಷ್ಟು ಸಲ ಬದಲಾಯಿಸಿದರೂ ಎಲ್ಲ ಫೋಲ್ಡರುಗಳಲ್ಲಿಯೂ ಹಳೆಯದೇ ಬರುತ್ತಿದ್ದರೆ, ನಿಮ್ಮ ಹೋಮ್ ಫೋಲ್ಡರಿನಲ್ಲಿಯೇ ಅಂಥ ಫೈಲೊಂದು ಉಳಿದಿದೆಯೇ ನೋಡಿ. ಹೋಮ್‌ನಲ್ಲಿ ನಿಂತು ಒಮ್ಮೆ ‘ಪೈಎನ್ವ್ ಲೋಕಲ್’ ಕೊಟ್ಟಿದ್ದರೆ ಸಾಕು, ಅದರ ಕೆಳಗಿರುವ ಎಲ್ಲವೂ ಅದರ ಆಳ್ವಿಕೆಗೆ ಬರುತ್ತವೆ. ಫೈಲು 3.12.1 ಕೇಳುತ್ತಿದ್ದು ನಿಮ್ಮಲ್ಲಿ 3.12.7 ಇದ್ದರೂ ಪೈಎನ್ವ್ ಒಪ್ಪುವುದಿಲ್ಲ. ಪೂರ್ತಿ ಸಂಖ್ಯೆ ಹೊಂದಬೇಕು. ಆ ಫೈಲನ್ನು ತಿದ್ದುವ ಮೊದಲು ಅದು ತಂಡದ ಎಲ್ಲರೂ ಹಂಚಿಕೊಂಡಿರುವ ಕೋಡಿನ ಭಾಗವೇ ಎಂದು ನೋಡಿಕೊಳ್ಳಿ. ಹೌದಾದರೆ ನಿಮ್ಮ ಅನುಕೂಲದ ತಿದ್ದುಪಡಿ ಇತರರ ಕಂಪ್ಯೂಟರುಗಳಲ್ಲಿ ದೋಷವಾಗಿ ಹುಟ್ಟುತ್ತದೆ. ಕೇಳಿರುವ ಆವೃತ್ತಿಯನ್ನೇ ಇನ್‌ಸ್ಟಾಲ್ ಮಾಡಿಕೊಳ್ಳುವುದು ಸರಿಯಾದ ದಾರಿ.

ಎನ್‌ವಿಎಂ ಇದಕ್ಕೆ ವಿರುದ್ಧ. ‘.ಎನ್‌ವಿಎಂಆರ್‌ಸಿ’ ಫೈಲು ಇದ್ದರೂ ಅದು ತಾನಾಗಿ ಬದಲಾಗುವುದಿಲ್ಲ. ಆ ಫೋಲ್ಡರಿನಲ್ಲಿ ‘ಎನ್‌ವಿಎಂ ಯೂಸ್’ ಎಂದು ನೀವೇ ಹೇಳಬೇಕು. ಗೋ ಭಾಷೆಯದು ಮತ್ತೊಂದು ಬಗೆ: 1.21ರಿಂದ ‘ಗೋ.ಮಾಡ್’ ಫೈಲು ಹೆಚ್ಚಿನ ಆವೃತ್ತಿ ಕೇಳಿದರೆ ಅದನ್ನು ಗೋ ತಾನೇ ಇಳಿಸಿಕೊಂಡು ಬಳಸಬಲ್ಲದು. ಹಾಗಾಗಬಾರದೆಂದಿದ್ದರೆ ‘ಗೋಟೂಲ್‌ಚೈನ್’ ವೇರಿಯಬಲ್‌ಗೆ ‘ಲೋಕಲ್’ ಎಂಬ ಮೌಲ್ಯ ಕೊಡಬೇಕು.

ಲಕ್ಷಣ: ಆವೃತ್ತಿ ಬದಲಾಯಿತು, ಆದರೆ ಪ್ಯಾಕೇಜುಗಳು ಮಾಯವಾದವು

ಅವು ಮಾಯವಾಗಿಲ್ಲ, ಹಿಂದಿನ ಆವೃತ್ತಿಯ ಮನೆಯಲ್ಲಿಯೇ ಇವೆ. ಪ್ರತಿ ಪೈಥಾನ್‌ಗೂ ಎನ್‌ವಿಎಂ ಹಾಕಿದ ಪ್ರತಿ ನೋಡ್‌ಗೂ ತನ್ನದೇ ಆದ ಪ್ಯಾಕೇಜ್ ಫೋಲ್ಡರ್ ಇರುತ್ತದೆ. ನೋಡ್‌ನಲ್ಲಿ ಹೊಸ ಆವೃತ್ತಿ ಹಾಕುವಾಗಲೇ ‘ಎನ್‌ವಿಎಂ ಇನ್‌ಸ್ಟಾಲ್ 20 --ರೀಇನ್‌ಸ್ಟಾಲ್-ಪ್ಯಾಕೇಜಸ್-ಫ್ರಮ್=18’ ಎಂದು ಕೊಟ್ಟರೆ ಗ್ಲೋಬಲ್ ಪ್ಯಾಕೇಜುಗಳು ಅಲ್ಲಿಗೂ ಬರುತ್ತವೆ.

ಪೈಥಾನ್‌ನಲ್ಲಿ ಕಾಡುವ ರೂಪ ಇನ್ನೊಂದಿದೆ: ಪ್ಯಾಕೇಜುಗಳನ್ನು ಹಾಕುವ ಸಾಧನವಾದ ಪಿಪ್ ತಾನು ಪ್ಯಾಕೇಜನ್ನು ಹಾಕಿದೆನೆನ್ನುತ್ತದೆ, ಪೈಥಾನ್ ಅದು ಇಲ್ಲವೆನ್ನುತ್ತದೆ. ಎರಡೂ ನಿಜವನ್ನೇ ಹೇಳುತ್ತಿವೆ. ‘ಪಿಪ್ --ವರ್ಶನ್’ ಉತ್ತರದ ಕೊನೆಯಲ್ಲಿ ಆವರಣದೊಳಗೆ ಅದು ಯಾವ ಪೈಥಾನ್‌ಗೆ ಸೇರಿದ್ದೆಂದು ಬರೆದಿರುತ್ತದೆ. ‘ಪೈಥಾನ್ --ವರ್ಶನ್’ ಕೊಡುವ ಸಂಖ್ಯೆಗೆ ಅದು ಹೊಂದದಿದ್ದರೆ ಇಬ್ಬರೂ ಬೇರೆ ಬೇರೆ ಮನೆಯವರು. ಬರಿಯ ‘ಪಿಪ್’ ಬದಲು ಯಾವಾಗಲೂ ‘ಪೈಥಾನ್ -ಎಂ ಪಿಪ್’ ಎಂದು ಬರೆಯುವುದನ್ನು ರೂಢಿಸಿಕೊಂಡರೆ ಈ ಒಂದು ಬಗೆಯ ದೋಷ ಜೀವನದಲ್ಲಿ ಮತ್ತೆ ಎದುರಾಗುವುದಿಲ್ಲ. ಈ ಬರಹದಲ್ಲಿ ಒಂದೇ ಒಂದು ಅಭ್ಯಾಸವನ್ನು ಶಿಫಾರಸು ಮಾಡಬಹುದಾದರೆ ನಾನು ಇದನ್ನೇ ಮಾಡುತ್ತೇನೆ.

ವರ್ಚುವಲ್ ಎನ್ವಿರಾನ್‌ಮೆಂಟಿನ ಪೈಥಾನ್, ಅದನ್ನು ಸೃಷ್ಟಿಸಿದ ದಿನ ಯಾವುದಿತ್ತೋ ಅದೇ. ಹೊರಗೆ ಎಷ್ಟು ಆವೃತ್ತಿ ಬದಲಿಸಿದರೂ ಒಳಗಿನದು ಕದಲುವುದಿಲ್ಲ. ಅದರ ಮೂಲ ಪೈಥಾನನ್ನು ಅಳಿಸಿದರೆ, ಅಥವಾ ಆ ಫೋಲ್ಡರನ್ನು ಬೇರೆಡೆಗೆ ಸ್ಥಳಾಂತರಿಸಿದರೆ, ಒಳಗಿನ ಸ್ಕ್ರಿಪ್ಟುಗಳು ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ನಿಲ್ಲುತ್ತವೆ, ಏಕೆಂದರೆ ಅವುಗಳ ಮೊದಲ ಸಾಲಿನಲ್ಲಿ ಹಳೆಯ ಪೂರ್ಣ ವಿಳಾಸ ಬರೆದಿರುತ್ತದೆ. ಫೋಲ್ಡರಿನೊಳಗಿನ ‘ಪೈವೆನ್ವ್.ಸಿಎಫ್‌ಜಿ’ ಫೈಲಿನಲ್ಲಿ ‘ಹೋಮ್’ ಎಂಬ ಸಾಲು ಮೂಲ ಪೈಥಾನ್ ಎಲ್ಲಿತ್ತೆಂದು ತೋರಿಸುತ್ತದೆ. ಅದನ್ನು ಕೈಯಿಂದ ತಿದ್ದಿ ಬದುಕಿಸುವ ಪ್ರಯತ್ನ ಬೇಡ. ಎನ್ವಿರಾನ್‌ಮೆಂಟು ಇನ್ನೂ ಓಡುತ್ತಿದ್ದರೆ ‘ಪೈಥಾನ್ -ಎಂ ಪಿಪ್ ಫ್ರೀಜ್’ ಕೊಡುವ ಪಟ್ಟಿಯನ್ನು ಫೈಲಿಗೆ ಉಳಿಸಿಕೊಂಡು, ಬೇಕಾದ ಆವೃತ್ತಿಯಿಂದ ಹೊಸದನ್ನು ಸೃಷ್ಟಿಸಿ, ಪಟ್ಟಿಯಲ್ಲಿರುವುದನ್ನು ಅದರೊಳಗೆ ಹಾಕಿಕೊಳ್ಳಿ. ಹಳೆಯದನ್ನು ಅಳಿಸುವ ಮೊದಲು ನಿಮ್ಮ ಸ್ವಂತ ಕೋಡ್ ಅದೇ ಫೋಲ್ಡರಿನೊಳಗೆ ಸೇರಿಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ನೋಡ್‌ನಲ್ಲಿ ‘ನೋಡ್_ಮಾಡ್ಯೂಲ್_ವರ್ಶನ್’ 108 ಇದೆ, 115 ಬೇಕು ಎಂಬರ್ಥದ ಸಂದೇಶ ಬಂದರೆ, ನೋಡ್ 18ರಲ್ಲಿ ಕಂಪೈಲ್ ಆದ ಪ್ಯಾಕೇಜೊಂದನ್ನು ನೋಡ್ 20 ಓದಲು ಹೋಗಿದೆ. ‘ಎನ್‌ಪಿಎಂ ರೀಬಿಲ್ಡ್’ ಸಾಮಾನ್ಯವಾಗಿ ಸಾಕು. ಸಾಲದಿದ್ದರೆ ‘ನೋಡ್_ಮಾಡ್ಯೂಲ್ಸ್’ ಫೋಲ್ಡರನ್ನು ಅಳಿಸಿ ಪ್ಯಾಕೇಜುಗಳನ್ನು ಮತ್ತೆ ಹಾಕಿಕೊಳ್ಳಬೇಕು.

ಲಕ್ಷಣ: ಜಾವಾ ಎರಡು ಉತ್ತರ ಕೊಡುತ್ತದೆ

ಕೋಡ್ ತಪ್ಪಿಲ್ಲದೆ ಕಂಪೈಲ್ ಆಗುತ್ತದೆ, ಓಡಿಸಿದಾಗ ‘ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಶನ್‌ಎರರ್’ ಬರುತ್ತದೆ. ಸಂದೇಶದಲ್ಲಿರುವ ಸಂಖ್ಯೆಗಳಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ: 61 ಎಂದರೆ ಜಾವಾ 17, 55 ಎಂದರೆ 11, 52 ಎಂದರೆ 8. ಅಂದರೆ 61ರ ಫೈಲನ್ನು 52ರವರೆಗೆ ಮಾತ್ರ ಬಲ್ಲ ಯಂತ್ರಕ್ಕೆ ಕೊಟ್ಟಿದ್ದೇವೆ. ‘ಜಾವಾ -ವರ್ಶನ್’ ಮತ್ತು ‘ಜಾವಾಸಿ -ವರ್ಶನ್’ ಎರಡನ್ನೂ ಪ್ರತ್ಯೇಕವಾಗಿ ಕೇಳಿ, ಏಕೆಂದರೆ ಅವು ಎರಡು ಬೇರೆ ಫೈಲುಗಳು: ಮೊದಲನೆಯದು ಓಡಿಸುತ್ತದೆ, ಎರಡನೆಯದು ಕಂಪೈಲ್ ಮಾಡುತ್ತದೆ. ಲಿನಕ್ಸ್‌ನಲ್ಲಿ ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಮೂಲಕ ಒಂದನ್ನು ಬದಲಿಸಿ ಇನ್ನೊಂದನ್ನು ಮರೆತಾಗ ಹೀಗಾಗುತ್ತದೆ. ವಿಂಡೋಸ್‌ನಲ್ಲಿ ಒರಾಕಲ್‌ನ ಇನ್‌ಸ್ಟಾಲರ್ ‘ಜಾವಾಪಾತ್’ ಎಂಬ ಫೋಲ್ಡರನ್ನು ಪಾತ್‌ನಲ್ಲಿ ಮುಂದಕ್ಕೆ ಸೇರಿಸಿದ್ದರೆ, ನೀವು ಕೈಯಾರೆ ಸೇರಿಸಿದ ಜೆಡಿಕೆ (ಜಾವಾ ಅಭಿವೃದ್ಧಿ ಸಾಧನಗಳ ಕಟ್ಟು) ಹಿಂದೆ ಉಳಿಯುತ್ತದೆ.

ಇವೆರಡೂ ಹೊಂದಿಕೊಂಡು, ಜಾವಾ ಪ್ರಾಜೆಕ್ಟುಗಳನ್ನು ಕಟ್ಟುವ ಸಾಧನವಾದ ಮೇವನ್ ಮಾತ್ರ ಬೇರೆ ಆವೃತ್ತಿ ಬಳಸುತ್ತಿದ್ದರೆ, ಅದು ಮೊದಲು ನೋಡುವುದು ಪಾತ್ ಅಲ್ಲ, ‘ಜಾವಾ_ಹೋಮ್’. ‘ಎಂವಿಎನ್ -ವರ್ಶನ್’ ತಾನು ಆರಿಸಿಕೊಂಡ ಜಾವಾವನ್ನು ವಿಳಾಸದೊಂದಿಗೆ ಹೇಳುತ್ತದೆ. ಜಾವಾ_ಹೋಮ್ ಜೆಡಿಕೆಯ ಮೂಲ ಫೋಲ್ಡರನ್ನು ತೋರಿಸಬೇಕು, ಅದರೊಳಗಿನ ‘ಬಿನ್’ ಅನ್ನು ಅಲ್ಲ. ಈ ತಪ್ಪು ತುಂಬಾ ಸಾಮಾನ್ಯ. ಮ್ಯಾಕ್‌ನಲ್ಲಿ ‘/ಯುಎಸ್ಆರ್/ಲಿಬ್‌ಎಕ್ಸೆಕ್/ಜಾವಾ_ಹೋಮ್ -ವಿ’ ಎಂಬ ಆಜ್ಞೆ ದೊಡ್ಡ ‘ವಿ’ಯೊಂದಿಗೆ ಕೊಟ್ಟರೆ ಇರುವ ಎಲ್ಲ ಜೆಡಿಕೆಗಳ ವಿಳಾಸವನ್ನೂ ತೋರಿಸುತ್ತದೆ.

ಲಕ್ಷಣ: ಟರ್ಮಿನಲ್ಲಿನಲ್ಲಿ ಸರಿ, ಬೇರೆಡೆ ತಪ್ಪು

ಐಕಾನ್ ಒತ್ತಿ ತೆರೆದ ಎಡಿಟರ್, ವಿಶೇಷವಾಗಿ ಮ್ಯಾಕ್‌ನಲ್ಲಿ, ನಿಮ್ಮ ಶೆಲ್‌ನ ಆರಂಭದ ಫೈಲುಗಳನ್ನು ಓದಿರಬೇಕೆಂದಿಲ್ಲ. ವಿಎಸ್ ಕೋಡ್‌ನಲ್ಲಿ ಪೈಥಾನ್ ಇಂಟರ್‌ಪ್ರಿಟರನ್ನು, ಇಂಟೆಲಿಜೆಯಲ್ಲಿ ಪ್ರಾಜೆಕ್ಟ್ ಎಸ್‌ಡಿಕೆಯನ್ನು ಎಡಿಟರಿನೊಳಗೇ ಆರಿಸಬೇಕು. ಅದು ನೆನಪಿನಲ್ಲಿ ಉಳಿಯುವ ಸೆಟ್ಟಿಂಗ್ ಆದ್ದರಿಂದ ಟರ್ಮಿನಲ್ಲಿನಲ್ಲಿ ಮಾಡಿದ ಬದಲಾವಣೆ ಅದನ್ನು ಮುಟ್ಟುವುದಿಲ್ಲ.

ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಓಡಿಸುವ ‘ಸುಡೋ’ ಹಾಕಿದ ಕೂಡಲೇ ಆವೃತ್ತಿ ಬದಲಾದರೆ ಅಚ್ಚರಿಯಿಲ್ಲ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಅದು ನಿಮ್ಮ ಪಾತ್‌ನ ಬದಲು ತನ್ನದೇ ಸುರಕ್ಷಿತ ಪಾತ್ ಬಳಸುತ್ತದೆ. ಇದನ್ನು ಸುತ್ತುಬಳಸಿ ದಾಟುವ ಉಪಾಯ ಹುಡುಕುವುದಕ್ಕಿಂತ, ಈ ಕೆಲಸಕ್ಕೆ ಸುಡೋ ಏಕೆ ಬೇಕಾಯಿತೆಂದು ಯೋಚಿಸುವುದು ಮೇಲು. ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದ ಓಡುವ ಕೆಲಸಗಳಿಗೂ ಕಿರಿದಾದ ಪಾತ್ ಮಾತ್ರ ಇರುವುದರಿಂದ ಅಲ್ಲಿ ಇಂಟರ್‌ಪ್ರಿಟರಿನ ಪೂರ್ಣ ವಿಳಾಸವನ್ನೇ ಬರೆಯಬೇಕು.

ಲಕ್ಷಣ: ಹೊಸ ಆವೃತ್ತಿ ಓಡುತ್ತದೆ, ಆದರೆ ಅರೆಬರೆಯಾಗಿ

ಪೈಎನ್ವ್ ಪೈಥಾನನ್ನು ನಿಮ್ಮ ಕಂಪ್ಯೂಟರಿನಲ್ಲಿಯೇ ಮೂಲದಿಂದ ಕಂಪೈಲ್ ಮಾಡುತ್ತದೆ. ಆ ಹೊತ್ತಿನಲ್ಲಿ ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯೂಲೈಟ್‌ನ ಡೆವಲಪ್‌ಮೆಂಟ್ ಫೈಲುಗಳು ಇಲ್ಲದಿದ್ದರೆ ಪೈಥಾನ್ ಹುಟ್ಟುತ್ತದೆ, ಆದರೆ ಎಸ್‌ಕ್ಯೂಲೈಟ್ ಇಲ್ಲದೆ. ಫೈಲು ಕುಗ್ಗಿಸುವ ಬಿಝಡ್2ಕ್ಕೂ ಇದೇ ಕಥೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಲ್ ಇಲ್ಲದಿದ್ದರೆ ಮಾತ್ರ ಪೈಎನ್ವ್ ದೋಷ ತೋರಿಸಿ ನಿಲ್ಲುತ್ತದೆ. ‘ಪೈಥಾನ್ -ಸಿ "ಇಂಪೋರ್ಟ್ ಎಸ್‌ಕ್ಯೂಲೈಟ್3"’ ಎಂಬ ಸಾಲು ಮೌನವಾಗಿ ಮುಗಿದರೆ ಸರಿಯಿದೆ. ದೂರು ಬಂದರೆ ಬೇಕಾದ ಲೈಬ್ರರಿಗಳನ್ನು ಹಾಕಿ ಆ ಪೈಥಾನನ್ನು ಮೊದಲಿನಿಂದ ಕಂಪೈಲ್ ಮಾಡಿಸಬೇಕು. ಆಮೇಲೆ ಸೇರಿಸಿದ ಲೈಬ್ರರಿ ಹಳೆಯ ಫೈಲಿನೊಳಗೆ ತಾನಾಗಿ ಸೇರಿಕೊಳ್ಳುವುದಿಲ್ಲ.

ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ನೋಡ್ 14ರಂತಹ ಹಳೆಯ ಆವೃತ್ತಿ ಹಾಕುವಾಗ ದೀರ್ಘ ಕಂಪೈಲ್ ಶುರುವಾಗಿ ಸೋತುಬಿಟ್ಟರೆ, ಆ ಚಿಪ್ಪಿಗೆ ಸಿದ್ಧ ಫೈಲುಗಳು ನೋಡ್ 16ರಿಂದಷ್ಟೇ ದೊರೆಯುತ್ತವೆಂಬುದು ಕಾರಣ.

ಲಕ್ಷಣ: ಟರ್ಮಿನಲ್ ತೆರೆಯುತ್ತಿಲ್ಲ, ಏಪಿಟಿ ಓಡುತ್ತಿಲ್ಲ

ಇಲ್ಲಿ ನಿಲ್ಲಿ. ಏಪಿಟಿ ಎಂದರೆ ಉಬುಂಟು ಮತ್ತು ಡೆಬಿಯನ್‌ನಲ್ಲಿ ಪ್ಯಾಕೇಜುಗಳನ್ನು ಹಾಕುವ ಸಾಧನ. ಆ ವ್ಯವಸ್ಥೆಗಳ ಹಲವು ಸಾಧನಗಳು ಪೈಥಾನ್‌ನಲ್ಲಿ ಬರೆದವು, ಅವು ‘/ಯುಎಸ್ಆರ್/ಬಿನ್/ಪೈಥಾನ್3’ ಎಂಬ ಹೆಸರನ್ನು (ಒಂದು ಆವೃತ್ತಿಯ ಫೈಲಿನತ್ತ ತೋರಿಸುವ ಕೊಂಡಿಯನ್ನು) ನೆಚ್ಚಿಕೊಂಡಿವೆ. ಉಬುಂಟು 22.04ಕ್ಕೆ ಅದು 3.10, 24.04ಕ್ಕೆ 3.12. ಆ ಹೆಸರನ್ನು ಬೇರೆ ಆವೃತ್ತಿಯ ಕಡೆಗೆ ತಿರುಗಿಸಿದರೆ ‘ಏಪಿಟಿ_ಪಿಕೆಜಿ’ ಮಾಡ್ಯೂಲ್ ಇಲ್ಲವೆಂಬ ದೂರು ಬರುತ್ತದೆ, ಗ್ನೋಮ್ ಟರ್ಮಿನಲ್ ತೆರೆಯುವುದೇ ನಿಲ್ಲಬಹುದು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಪಠ್ಯದ ಕನ್ಸೋಲ್ ಸಿಗುತ್ತದೆ. ಅಲ್ಲಿಂದ ಆ ಕೊಂಡಿಯನ್ನು ಮೂಲ ಆವೃತ್ತಿಗೇ ಮರಳಿಸಬೇಕು. ಯಾವ ಕಾರಣಕ್ಕೂ ವ್ಯವಸ್ಥೆಯ ‘ಪೈಥಾನ್3’ ಪ್ಯಾಕೇಜನ್ನು ತೆಗೆದುಹಾಕಬೇಡಿ, ಅದರ ಜೊತೆ ಡೆಸ್ಕ್‌ಟಾಪಿನ ಬಹುಭಾಗವೂ ಹೊರಟುಹೋಗುತ್ತದೆ. ‘ಎಕ್ಸ್ಟರ್ನಲಿ-ಮ್ಯಾನೇಜ್ಡ್-ಎನ್ವಿರಾನ್‌ಮೆಂಟ್’ ಎಂದು ಪಿಪ್ ತಡೆದಾಗಲೂ ಅದು ಕಾಪಾಡುತ್ತಿರುವುದು ವ್ಯವಸ್ಥೆಯ ಈ ಪೈಥಾನನ್ನೇ. ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂದು ಬಲವಂತ ಮಾಡದೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ.

ಕೊಂಡಿಯನ್ನು ಮರಳಿಸಿದ ಮೇಲೂ ಏಪಿಟಿ ಏಳದಿದ್ದರೆ, ಕಂಪ್ಯೂಟರು ಸಂಸ್ಥೆಯದಾಗಿದ್ದು ಕಂಪ್ಯೂಟರಿನ ಪಾತ್ ತಿದ್ದಲು ನಿಮಗೆ ಅನುಮತಿ ಇಲ್ಲದಿದ್ದರೆ, ಅಥವಾ ಕಳೆದುಹೋದ ಪಾತ್‌ನ ನಕಲು ಎಲ್ಲಿಯೂ ಸಿಗದಿದ್ದರೆ, ಬಲ್ಲವರನ್ನು ಕೇಳುವುದೇ ಸರಿ. ಕೇಳುವಾಗ ನಾಲ್ಕು ಸಂಗತಿಗಳನ್ನು ಜೊತೆಗಿಡಿ: ಆಪರೇಟಿಂಗ್ ಸಿಸ್ಟಮ್ ಮತ್ತು ಅದರ ಆವೃತ್ತಿ, ಯಾವ ಶೆಲ್, ‘ಟೈಪ್ -ಎ’ ಅಥವಾ ‘ವೇರ್’ ಕೊಟ್ಟ ಪೂರ್ತಿ ಪಟ್ಟಿ, ಮತ್ತು ಪಾತ್‌ನ ಮೌಲ್ಯ. ಪಾತ್ ಒಂದನ್ನೇ ನಕಲು ಮಾಡಿ ಕೊಡಿ. ‘ಎನ್ವ್’ ಆಜ್ಞೆ ಕೊಡುವ ಎಲ್ಲ ವೇರಿಯಬಲ್‌ಗಳನ್ನೂ ಹಾಗೆಯೇ ಅಂಟಿಸಿದರೆ, ಅವುಗಳ ನಡುವೆ ನಿಮ್ಮ ಪಾಸ್‌ವರ್ಡುಗಳೂ ಗುಪ್ತ ಟೋಕನ್‌ಗಳೂ ಇರಬಹುದು.